ಅಟ್ಟದಲ್ಲಿ ಸಿಕ್ಕಿದ ಹಳೆಯ ಕ್ಯೂ: ಅದರಲ್ಲಿ ಪೂಲ್ ಆಡಬಹುದೇ?

ಪ್ರಶ್ನೆ: ನೀಲಗಿರಿಯ ಚಹಾ ತೋಟವೊಂದರಲ್ಲಿ ರೈಟರ್ ಆಗಿದ್ದ ನಮ್ಮ ದೊಡ್ಡಪ್ಪನವರು ತೋಟದ ಕ್ಲಬ್ಬು ಮುಚ್ಚಿದಾಗ ತಂದಿಟ್ಟಿದ್ದ ಬಿಲಿಯರ್ಡ್ಸ್ ಕ್ಯೂ (ಚೆಂಡು ಹೊಡೆಯುವ ಕೋಲು) ಒಂದು ಬದಿಯಡ್ಕದ ನಮ್ಮ ಹಳೆಮನೆಯ ಅಟ್ಟದಲ್ಲಿ ಸಿಕ್ಕಿದೆ. ಒಂದೇ ತುಂಡು, 57 ಇಂಚು ಉದ್ದ. ಮುಂಭಾಗ ಬಿಳಿಚಿದ ಮರ, ಹಿಡಿಯುವ ಕಡೆ ಕಪ್ಪು ಮರ. ತುದಿಯಲ್ಲಿ ಹಿತ್ತಾಳೆಯ ಬಳೆ ಇದ್ದು ಅಡ್ಡಳತೆ 10 ಮಿ.ಮೀ. ಇದೆ. ಬುಡದ ಬಿಲ್ಲೆಯ ಮೇಲೆ ಬರೋಸ್ ಅಂಡ್ ವಾಟ್ಸ್ ಎಂಬ ಹೆಸರಿದೆ, ಪಕ್ಕದಲ್ಲಿ 16 ಎಂದು ಒತ್ತಿದ್ದಾರೆ. ಕ್ಯೂ ತುಸು ಬಾಗಿದೆ. ನಾನು ಕಾಸರಗೋಡಿನಲ್ಲಿ ಪೂಲ್ ಆಡುತ್ತೇನೆ. ಇದರಲ್ಲಿ ಆಡಬಹುದೇ? ನಮ್ಮ ಆಚಾರಿಯವರು ಉಜ್ಜಿ ನೇರ ಮಾಡಿ ಪಾಲಿಶ್ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಥವಾ ಹೊಸ ಕಾರ್ಬನ್ ಕ್ಯೂ ಕೊಳ್ಳುವುದೇ ಲೇಸೇ?

ಉತ್ತರ: ಆಡಬಹುದು, ಧಾರಾಳವಾಗಿ ಆಡಬಹುದು. ಆದರೆ ಎರಡು ವಿಷಯಗಳಲ್ಲಿ ನೀವು ಕಟ್ಟುನಿಟ್ಟಾಗಿರಬೇಕು. ಮೊದಲನೆಯದು, ಆಟದ ಆರಂಭದ ಬ್ರೇಕ್ ಹೊಡೆತಕ್ಕೆ ಈ ಕ್ಯೂವನ್ನು ಎಂದಿಗೂ ಬಳಸಬೇಡಿ. ಎರಡನೆಯದು, ಆಚಾರಿಯವರಿಗೆ ನಯವಾಗಿ ಬೇಡ ಎಂದು ಹೇಳಿ, ಮರಕ್ಕೆ ಸ್ಯಾಂಡ್‌ಪೇಪರ್ ತಾಗದಂತೆ ನೋಡಿಕೊಳ್ಳಿ. ಈ ಎರಡಕ್ಕೂ ಕಾರಣವಿದೆ, ಮತ್ತು ಕಾರಣ ತಿಳಿದರೆ ಹಳೆಯ ಕ್ಯೂವಿನೊಂದಿಗೆ ಹೇಗೆ ಹೊಂದಿಕೊಳ್ಳಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಮೊದಲು ನಿಮ್ಮ ಕೈಯಲ್ಲಿರುವುದು ಏನೆಂದು ನೋಡೋಣ. ಬರೋಸ್ ಅಂಡ್ ವಾಟ್ಸ್ 1836ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಬಿಲಿಯರ್ಡ್ಸ್ ಸಾಮಗ್ರಿಗಳ ಸಂಸ್ಥೆ. ನೀವು ವರ್ಣಿಸಿದ ಬಿಳಿಚಿದ ಮರ ಬಹುಮಟ್ಟಿಗೆ ಆಶ್ ಆಗಿರಬೇಕು. ಮುಂಭಾಗವನ್ನು ಬೆಳಕಿಗೆ ಹಿಡಿದರೆ ಬಾಣದ ಮೊನೆಯ ಹಾಗೆ ಒಂದರ ಹಿಂದೊಂದು ಜೋಡಿಸಿದಂಥ ಕಂದು ಎಳೆಗಳು ಕಾಣಿಸುತ್ತವೆ. ಕಪ್ಪು ಮರ ಎಬನಿ, ಅಂದರೆ ಕರಿಮರ. ಈ ಎರಡು ಮರಗಳು ಕೂಡುವಲ್ಲಿ ಕಪ್ಪು ಮರವು ನಾಲ್ಕು ನಾಲಿಗೆಗಳಾಗಿ ಬಿಳಿಯ ಮರದೊಳಗೆ ಚಾಚಿಕೊಂಡಿರುತ್ತದೆ. ಆ ನಾಲಿಗೆಗಳ ತುದಿ ದುಂಡಗಿದ್ದರೆ ಅದು ಕೈಯಿಂದ ಬೆಸೆದ ಕೆಲಸ. ಸೂಜಿಯಂತೆ ಚೂಪಾಗಿದ್ದರೆ ಯಂತ್ರದ ಕೆಲಸ. ಎರಡೂ ಆಟಕ್ಕೆ ಯೋಗ್ಯವೇ, ಆದರೆ ಕೈಬೆಸುಗೆಯ ಕ್ಯೂ ಸಿಕ್ಕಿದ್ದರೆ ಅದನ್ನು ಇನ್ನಷ್ಟು ಜೋಪಾನ ಮಾಡಬೇಕು. ಒತ್ತಿರುವ 16 ಔನ್ಸ್ ಲೆಕ್ಕದ ತೂಕ, ಅಂದರೆ ಸುಮಾರು 454 ಗ್ರಾಂ. ಹಲವು ಹಳೆಯ ಕ್ಯೂಗಳಲ್ಲಿ ಹೀಗೆ ತೂಕವನ್ನು ಒತ್ತುತ್ತಿದ್ದರು. ಬಿಲ್ಲೆಯಲ್ಲಿ ಯಾರಾದರೂ ಚಾಂಪಿಯನ್ನನ ಹೆಸರೂ ಬ್ರೇಕಿನ (ಇಲ್ಲಿ ಒಂದೇ ಸರದಿಯಲ್ಲಿ ಗಳಿಸಿದ) ಅಂಕವೂ ಇವೆಯೇ ಎಂದು ಭೂತಗನ್ನಡಿಯಿಂದ ನೋಡಿ. ಉದಾಹರಣೆಗೆ, ವಾಲ್ಟರ್ ಲಿಂಡ್ರಮ್ 4137 ಅಂಕಗಳ ಬ್ರೇಕ್ ಮಾಡಿದ್ದು 1932ರಲ್ಲಿ. ಅಂಥ ಅಂಕ ಬಿಲ್ಲೆಯ ಮೇಲಿದ್ದರೆ ಕ್ಯೂ ಆ ವರ್ಷಕ್ಕಿಂತ ಹಳೆಯದಾಗಿರಲಾರದು.

ನೀಲಗಿರಿಯಿಂದ ಬಂದಿದೆ ಎಂಬುದು ನನಗೆ ವಿಶೇಷ ಸಂತೋಷ ತಂದ ಸಂಗತಿ. ಸ್ನೂಕರ್ ಆಟವು 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ತರುಣ ಅಧಿಕಾರಿಯ ಕೈಯಲ್ಲಿ ಹುಟ್ಟಿತು, ಅದರ ನಿಯಮಗಳು ಬರಹಕ್ಕಿಳಿದದ್ದು ಊಟಿ ಕ್ಲಬ್ಬಿನಲ್ಲಿ. ಆ ಬೆಟ್ಟಗಳ ತೋಟದ ಕ್ಲಬ್ಬಿನಲ್ಲಿದ್ದ ಕ್ಯೂ ಎಂದ ಮೇಲೆ ಅದು ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗಾಗಿ ಮಾಡಿದ್ದೇ ಹೊರತು ಪೂಲ್‌ಗಾಗಿ ಅಲ್ಲ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ.

ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ. ಅಮೆರಿಕನ್ ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ಅಂತರ ಐದು ಮಿಲಿಮೀಟರೂ ಇಲ್ಲವಲ್ಲ ಎಂದು ಕಡೆಗಣಿಸಬಾರದು. ಗಾತ್ರದ ಲೆಕ್ಕ ಹಾಕಿದರೆ ಪೂಲ್ ಚೆಂಡು ಶೇಕಡ 29ರಷ್ಟು ದೊಡ್ಡದು, ತೂಕವೂ ಅದಕ್ಕೆ ತಕ್ಕಂತೆ ಏರಿ 156ರಿಂದ 170 ಗ್ರಾಂವರೆಗೆ ಇರುತ್ತದೆ. ಹಗುರವಾದ ಚೆಂಡನ್ನು ಹನ್ನೆರಡು ಅಡಿಯ ಮೇಜಿನ ಮೇಲೆ ಸೂಕ್ಷ್ಮವಾಗಿ ನಡೆಸಲೆಂದು ಮಾಡಿದ 16 ಔನ್ಸಿನ ಕ್ಯೂವಿನಿಂದ ನೀವು ಈ ಭಾರದ ಚೆಂಡನ್ನು ಹೊಡೆಯುತ್ತಿದ್ದೀರಿ. ಪೂಲ್ ಕ್ಯೂಗಳು ಸಾಮಾನ್ಯವಾಗಿ 18ರಿಂದ 21 ಔನ್ಸ್ ತೂಗುತ್ತವೆ, ಅವುಗಳ ಟಿಪ್ (ತುದಿಗೆ ಅಂಟಿಸಿದ ಚರ್ಮದ ತುಣುಕು) 12ರಿಂದ 13 ಮಿ.ಮೀ. ಅಗಲವಿರುತ್ತದೆ. ಹೀಗಾಗಿ ಅದೇ ವೇಗ ಬೇಕಾದರೆ ನಿಮ್ಮ ತೋಳು ತುಸು ಹೆಚ್ಚು ಬೀಸಬೇಕಾಗುತ್ತದೆ, ಹೆಚ್ಚು ಬೀಸಿದಾಗ ನೇರ ತಪ್ಪುವ ಸಂಭವ ಹೆಚ್ಚು. ಮೊದಲ ಕೆಲವು ವಾರ ನಿಮ್ಮ ಚೆಂಡುಗಳು ಪಾಕೆಟ್ಟಿನ ಬಾಯಿಗೆ ಬಂದು ನಿಂತರೆ ಕ್ಯೂವನ್ನು ಶಂಕಿಸಬೇಡಿ. ತೂಕದ ಈ ವ್ಯತ್ಯಾಸಕ್ಕೆ ಕೈ ಇನ್ನೂ ಒಗ್ಗಿಲ್ಲ ಎಂದಷ್ಟೇ ಅರ್ಥ.

ನೀವು ಆಡುವ ಮೇಜು ಯಾವುದು ಎಂಬುದನ್ನು ಬರೆದಿಲ್ಲ. ಅದು ಕೆಂಪು-ಹಳದಿ ಚೆಂಡುಗಳ ಇಂಗ್ಲಿಷ್ ಪೂಲ್ ಆಗಿದ್ದರೆ, ಆ ಚೆಂಡುಗಳ ವ್ಯಾಸ ಸುಮಾರು 51 ಮಿ.ಮೀ. ಮಾತ್ರ, ನಿಮ್ಮ ಕ್ಯೂ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಮುಂದಿನ ಎಚ್ಚರಿಕೆಗಳಲ್ಲಿ ಅರ್ಧದಷ್ಟು ನಿಮಗೆ ಅನ್ವಯಿಸುವುದಿಲ್ಲ. ಪಟ್ಟೆ ಮತ್ತು ಗಟ್ಟಿ ಬಣ್ಣದ, ಅಂಕಿ ಬರೆದ ಚೆಂಡುಗಳಾದರೆ ಅಮೆರಿಕನ್ ಪೂಲ್ ಎಂದು ತಿಳಿದು ಮುಂದೆ ಓದಿ.

ನಿಯಮದ ಕಡೆಯಿಂದ ನಿಮಗೆ ತೊಡಕಿಲ್ಲ. ವಿಶ್ವ ಪೂಲ್ ಸಂಸ್ಥೆಯ ನಿಯಮದಂತೆ ಕ್ಯೂ 40 ಇಂಚಿಗಿಂತ ಉದ್ದವಿರಬೇಕು, 25 ಔನ್ಸ್ ಮೀರಬಾರದು, ಟಿಪ್ 14 ಮಿ.ಮೀ. ಮೀರಬಾರದು, ಟಿಪ್ ಇಷ್ಟು ಸಣ್ಣದಿರಬಾರದು ಎಂಬ ಕಟ್ಟಳೆ ಇಲ್ಲ. ಲೋಹದ ಫೆರುಲ್, ಅಂದರೆ ತುದಿಯ ಬಳೆ, ಒಂದು ಇಂಚಿಗಿಂತ ಉದ್ದವಿರಬಾರದು ಎಂಬುದೊಂದಿದೆ, ನಿಮ್ಮ ಹಿತ್ತಾಳೆಯ ಬಳೆ ಅದರ ಅರ್ಧದಷ್ಟೂ ಇರಲಾರದು.

ಇನ್ನು ಸಪೂರ ತುದಿಯ ಗುಣದೋಷ. ಬಿಳಿ ಚೆಂಡಿನ ನಡುವಿಗೆ ಹೊಡೆಯದೆ ಬದಿಗೆ ಹೊಡೆದಾಗ, ಅಂದರೆ ಸೈಡ್ ಕೊಟ್ಟಾಗ, ಚೆಂಡು ಕ್ಯೂ ಹೋದ ದಾರಿಯಲ್ಲೇ ಹೋಗದೆ ಎದುರು ಬದಿಗೆ ಕೊಂಚ ಸರಿಯುತ್ತದೆ. ಈ ಸರಿತ ಎಷ್ಟೆಂಬುದು ಕ್ಯೂವಿನ ತುದಿಯ ಕೆಲವು ಇಂಚುಗಳಲ್ಲಿ ಎಷ್ಟು ಭಾರವಿದೆ ಎಂಬುದರ ಮೇಲೆ ನಿಂತಿದೆ. ತುದಿ ಹಗುರವಾದಷ್ಟೂ ಸರಿತ ಕಡಿಮೆ. ಆದ್ದರಿಂದ ನಿಮ್ಮ 10 ಮಿ.ಮೀ. ತುದಿಯ ಕ್ಯೂ, ಕ್ಲಬ್ಬುಗಳಲ್ಲಿ ಗೋಡೆಗೆ ನಿಲ್ಲಿಸಿಟ್ಟಿರುವ ದಪ್ಪ ತುದಿಯ ಕ್ಯೂಗಳಿಗಿಂತ ಕಡಿಮೆ ಸರಿಸುವ ಸಾಧ್ಯತೆಯೇ ಹೆಚ್ಚು, ಹಿತ್ತಾಳೆ ತುಸು ಭಾರ ಸೇರಿಸಿದರೂ ಸಹ. ಈ ಒಳ್ಳೆಯ ಗುಣವೇ ಆರಂಭದಲ್ಲಿ ನಿಮ್ಮ ಗುರಿಯನ್ನು ಕೆಡಿಸುತ್ತದೆ, ಏಕೆಂದರೆ ಕ್ಲಬ್ಬಿನ ಕ್ಯೂವಿನ ಹೆಚ್ಚಿನ ಸರಿತಕ್ಕೆ ನಿಮ್ಮ ಕಣ್ಣು ಗೊತ್ತಿಲ್ಲದೆಯೇ ಒಗ್ಗಿರುತ್ತದೆ. ಪರೀಕ್ಷೆ ಸುಲಭ: ಮೇಜಿನ ಒಂದು ತುದಿಯಲ್ಲಿ ಬಿಳಿ ಚೆಂಡಿಟ್ಟು, ಎದುರು ಕುಷನ್ನಿನ (ಮೇಜಿನ ಅಂಚಿನ ಮೆತ್ತೆಯ) ನಡುಗುರುತಿಗೆ ಕ್ಯೂವನ್ನು ನೇರ ಹಿಡಿದು, ಚೆಂಡಿನ ನಡುವಿನಿಂದ ಸುಮಾರು ಒಂದು ಸೆಂಟಿಮೀಟರ್ ಬಲಕ್ಕೆ ಗಟ್ಟಿಯಾಗಿ ಹೊಡೆಯಿರಿ. ಚೆಂಡು ಗುರುತಿನಿಂದ ಎಡಕ್ಕೆ ಎಷ್ಟು ದೂರ ತಾಗಿತು ಎಂದು ನೋಡಿ. ಎರಡೂ ಕ್ಯೂಗಳಲ್ಲಿ ಇದನ್ನೇ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಎಷ್ಟು ತಿದ್ದಿಕೊಳ್ಳಬೇಕೆಂಬುದೂ ಗೊತ್ತಾಗುತ್ತದೆ. ನಡುವಿನಿಂದ ಹೆಚ್ಚೆಂದರೆ ಚೆಂಡಿನ ತ್ರಿಜ್ಯದ ಅರ್ಧದವರೆಗೆ, ಅಂದರೆ 14 ಮಿ.ಮೀ.ವರೆಗೆ ಹೋಗಬಹುದು, ಅದನ್ನು ದಾಟಿದರೆ ಎಷ್ಟು ಚಾಕ್ ಹಾಕಿದರೂ ಟಿಪ್ ಜಾರಿ ಮಿಸ್‌ಕ್ಯೂ ಖಂಡಿತ.

ಎತ್ತರದ ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಸ್ನೂಕರ್ ಚೆಂಡಿನ ನಡುಬಿಂದು ಬಟ್ಟೆಯಿಂದ 26 ಮಿ.ಮೀ. ಚಿಲ್ಲರೆ ಎತ್ತರದಲ್ಲಿದ್ದರೆ ಪೂಲ್ ಚೆಂಡಿನದು 28.6 ಮಿ.ಮೀ. ಎತ್ತರದಲ್ಲಿದೆ. ಸಪೂರ ಕ್ಯೂ ಹಿಡಿದಾಗ ಸ್ನೂಕರ್ ಆಡುವವರಂತೆ ಕೈಯನ್ನು ಬಟ್ಟೆಗೆ ಒತ್ತಿ ತಗ್ಗಿಸುವ ಮನಸ್ಸಾಗುತ್ತದೆ, ಆಗ ನಡುವಿಗೆ ಹೊಡೆದೆನೆಂದುಕೊಂಡದ್ದು ಕೆಳಗೆ ಬಿದ್ದು ಬಿಳಿ ಚೆಂಡು ಮುಂದೆ ಉರುಳುವ ಬದಲು ನಿಂತುಬಿಡುತ್ತದೆ. ಬ್ರಿಜ್ ಕೈಯ, ಅಂದರೆ ಕ್ಯೂವಿನ ಮುಂಭಾಗಕ್ಕೆ ಆಸರೆಯಾಗುವ ಕೈಯ, ಗಿಣ್ಣುಗಳನ್ನು ಅಷ್ಟೇ ಅಷ್ಟು ಮೇಲೆತ್ತಿದರೆ ಸಾಕು.

ಬ್ರಿಜ್ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಪೂಲ್ ಆಡುವವರಲ್ಲಿ ಅನೇಕರು ತೋರುಬೆರಳನ್ನು ಬಳಸಿ ಕ್ಯೂವಿನ ಸುತ್ತ ಉಂಗುರ ಮಾಡುತ್ತಾರೆ. ಪೂಲ್ ಕ್ಯೂವಿನ ಮುಂಭಾಗ ಹತ್ತು ಹನ್ನೆರಡು ಇಂಚಿನವರೆಗೂ ಹೆಚ್ಚುಕಡಿಮೆ ಒಂದೇ ದಪ್ಪವಿರುವುದರಿಂದ ಆ ಉಂಗುರದಲ್ಲಿ ಅದು ಸಲೀಸಾಗಿ ಜಾರುತ್ತದೆ. ನಿಮ್ಮ ಆಶ್ ಕ್ಯೂ ಹಾಗಲ್ಲ, ತುದಿಯಿಂದ ಹಿಂದಕ್ಕೆ ಬರಬರುತ್ತಾ ಒಂದೇ ಸಮನೆ ದಪ್ಪವಾಗುತ್ತಾ ಹೋಗುತ್ತದೆ. ಉಂಗುರ ಬಿಗಿಯಾಗಿದ್ದರೆ ಹೊಡೆತ ಮುಂದುವರಿದಂತೆ ದಪ್ಪ ಮರ ಬೆರಳನ್ನು ಒತ್ತಿ, ಸರಿಯಾಗಿ ಚೆಂಡು ತಾಗುವ ಹೊತ್ತಿಗೆ ಕ್ಯೂ ಬದಿಗೆ ತಿರುಗುತ್ತದೆ. ಹೆಬ್ಬೆರಳನ್ನು ಮೇಲೆತ್ತಿ, ಅದಕ್ಕೂ ತೋರುಬೆರಳಿನ ಬುಡಕ್ಕೂ ನಡುವಿನ ಹಳ್ಳದಲ್ಲಿ ಕ್ಯೂವನ್ನು ತೆರೆದಿಟ್ಟುಕೊಂಡೇ ಆಡಿ. ಈ ಒಂದು ಬದಲಾವಣೆಯಿಂದಲೇ ಹಳೆಯ ಕ್ಯೂವಿನ ಮೇಲಿನ ಅರ್ಧ ದೂರು ಇಲ್ಲವಾಗುತ್ತದೆ.

ಬ್ರೇಕ್ ಏಕೆ ಬೇಡ ಎಂದರೆ, ಹದಿನೈದು ಭಾರದ ಚೆಂಡುಗಳ ಗುಂಪನ್ನು ಒಡೆಯಲು ತೋಳಿನ ಪೂರ್ಣ ಬಲ ಹಾಕಿದಾಗ ಆ ಆಘಾತವೆಲ್ಲ 10 ಮಿ.ಮೀ. ಅಗಲದ ಚರ್ಮ ಮತ್ತು ಅದರ ಹಿಂದಿನ ಸಪೂರ ಮರದ ಮೇಲೆ ಬೀಳುತ್ತದೆ. ಟಿಪ್ ಹಾರಿಹೋಗುವುದು ಚಿಕ್ಕ ನಷ್ಟ. ಫೆರುಲ್ಲಿನ ಒಳಗೆ ಮರ ಎಳೆಗುಂಟ ಸೀಳಿದರೆ ತುದಿಯನ್ನು ಕತ್ತರಿಸಿ ಕ್ಯೂವನ್ನೇ ಗಿಡ್ಡ ಮಾಡಬೇಕಾಗುತ್ತದೆ. ಬುಡದ ಬೆಸುಗೆಯೂ ಹಳೆಯ ಕಾಲದ ಸರೇಸಿನದಾಗಿದ್ದರೆ ನಮ್ಮ ಕರಾವಳಿಯ ತೇವಕ್ಕೆ ಅದು ಸಡಿಲಗೊಂಡಿರಬಹುದು. ಬ್ರೇಕ್‌ಗೆ, ಚೆಂಡು ಹಾರಿಸುವ ಜಂಪ್ ಹೊಡೆತಕ್ಕೆ ಕ್ಲಬ್ಬಿನ ಕ್ಯೂವನ್ನೇ ತೆಗೆದುಕೊಳ್ಳಿ.

ಆಚಾರಿಯವರ ವಿಷಯಕ್ಕೆ ಬರುತ್ತೇನೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಕ್ಯೂ ಬಾಗಿಲ ದಾರಂದವಲ್ಲ. ದುಂಡನೆಯ ಕೋಲಿನ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರಿಳಿಯುತ್ತದೆ. 10 ಮಿ.ಮೀ. ಇರುವ ಜಾಗವನ್ನು ಉಜ್ಜಿ 9.5ಕ್ಕೆ ಇಳಿಸಿದರೆ, ಹೋದದ್ದು ಅರ್ಧ ಮಿಲಿಮೀಟರ್ ಆದರೂ ಆ ಜಾಗದ ಬಿಗುವಿನಲ್ಲಿ ಶೇಕಡ 18ಕ್ಕಿಂತ ಹೆಚ್ಚು ಹೋಗುತ್ತದೆ. ಮರಳಿ ತರಲು ದಾರಿಯೇ ಇಲ್ಲ. ಬಾಗನ್ನು ಉಜ್ಜಿ ನೇರ ಮಾಡುವುದೆಂದರೆ ಉಬ್ಬಿದ ಬದಿಯ ಮರವನ್ನು ತೆಗೆಯುವುದು; ಆಗ ಒಂದು ಬದಿ ಮೃದುವೂ ಇನ್ನೊಂದು ಬದಿ ಗಟ್ಟಿಯೂ ಆಗಿ, ಕ್ಯೂ ತಿರುಗಿಸಿ ಹಿಡಿದಂತೆಲ್ಲ ಬೇರೆ ಬೇರೆಯಾಗಿ ವರ್ತಿಸುತ್ತದೆ. ಬೆಂಕಿಯ ಕಾವಿಗೆ ಹಿಡಿದು ಬಗ್ಗಿಸುವುದು, ಕಲ್ಲು ಕಟ್ಟಿ ನೇತುಹಾಕುವುದು ಇವೂ ಬೇಡ.

ಬಾಗು ನಿಜವಾಗಿ ಎಷ್ಟಿದೆ ಎಂದು ಮೊದಲು ಅಳೆಯಿರಿ. ಮೇಜಿನ ಮೇಲೆ ಇಡೀ ಕ್ಯೂವನ್ನು ಉರುಳಿಸಿ ನೋಡಿದರೆ ಬುಡದ ದಪ್ಪವೂ ಅಲ್ಲಿ ಚಪ್ಪಟೆಯಾಗಿರುವ ಜಾಗವೂ ಕಣ್ಣಿಗೆ ಮೋಸ ಮಾಡುತ್ತವೆ. ಬುಡವನ್ನು ಮೇಜಿನ ಅಂಚಿನಿಂದ ಹೊರಗೆ ಬಿಟ್ಟು, ಆಶ್ ಭಾಗವನ್ನಷ್ಟೇ ಬಟ್ಟೆಯ ಮೇಲಿಟ್ಟು ನಿಧಾನವಾಗಿ ತಿರುಗಿಸುತ್ತಾ ಕೆಳಗಿನ ಸಂದನ್ನು ನೋಡಿ. ಒಂದೆರಡು ಮಿಲಿಮೀಟರ್ ಸಂದು ಕಂಡರೆ ಆಟಕ್ಕೆ ಏನೂ ಬಾಧಕವಿಲ್ಲ. ಬಾಗು ಎಡಬಲಕ್ಕೆ ಬಾರದೆ ಮೇಲೆ ಕೆಳಗೆ ಬರುವಂತೆ ಹಿಡಿದು, ಆಗ ಬಿಲ್ಲೆ ಎಲ್ಲಿರುತ್ತದೆಂದು ನೆನಪಿಟ್ಟು, ಪ್ರತಿ ಹೊಡೆತಕ್ಕೂ ಹಾಗೆಯೇ ಹಿಡಿಯಿರಿ. ನೇರವಾದ ಕ್ಯೂ ಇರುವ ಸ್ನೂಕರ್ ಆಟಗಾರರೂ ಯಾವಾಗಲೂ ಒಂದೇ ಬದಿಯನ್ನು ಮೇಲೆ ಮಾಡಿಕೊಂಡೇ ಆಡುತ್ತಾರೆ, ಏಕೆಂದರೆ ಎಳೆಗಳ ದಿಕ್ಕು ಬದಲಾದರೆ ಮರದ ಗುಣವೂ ತುಸು ಬದಲಾಗುತ್ತದೆ. ಸಂದು ಐದಾರು ಮಿಲಿಮೀಟರ್ ಮೀರಿದ್ದರೆ ಮಾತ್ರ ಕ್ಯೂ ಮಾಡುವವರಿಗೇ ತೋರಿಸಬೇಕು.

ಶುದ್ಧಿಗೆ ಒಣ ಹತ್ತಿ ಬಟ್ಟೆ ಸಾಕು. ಅಟ್ಟದ ಹೊಗೆ ಮೆತ್ತಿದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಒಮ್ಮೆ ಒರೆಸಿ, ಮರುಕ್ಷಣವೇ ಒಣಬಟ್ಟೆಯಿಂದ ಬೆಚ್ಚಗಾಗುವವರೆಗೆ ತಿಕ್ಕಿ. ಆಮೇಲೆ ಹಸಿ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೀರ ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ ತೆಗೆದು, ಎರಡು ಮೂರು ದಿನ ಹಾಗೇ ಇಡಿ. ನಮ್ಮೂರಿನಲ್ಲಿ ಕೈ ಮೊದಲು ಹೋಗುವುದು ತೆಂಗಿನೆಣ್ಣೆಯ ಕಡೆಗೆ. ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆಯಲ್ಲ. ಮರದ ರಂಧ್ರಗಳಲ್ಲಿ ಜಿಡ್ಡಾಗಿ ಉಳಿದು, ಚಾಕ್ ಪುಡಿಯೊಂದಿಗೆ ಸೇರಿ ಕೈಗೆ ಅಂಟುತ್ತದೆ. ಪಕ್ಕಾಸುಗಳಿಗೆ ಗೆದ್ದಲು ಹಿಡಿಯದಂತೆ ಬಳಿಯುವ ಗೇರೆಣ್ಣೆಯನ್ನಂತೂ ಹತ್ತಿರ ತರಬೇಡಿ, ಅದು ಬಿಳಿಯ ಮರವನ್ನು ಕಪ್ಪು ಮಾಡುವುದಲ್ಲದೆ ಚರ್ಮವನ್ನೂ ಸುಡುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಂಥ ಬಟ್ಟೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಹಣ ಖರ್ಚು ಮಾಡುವುದಿದ್ದರೆ ಟಿಪ್‌ಗೆ ಮಾಡಿ. ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಚರ್ಮ ಕಲ್ಲಾಗಿರುತ್ತದೆ, ಅದು ಚಾಕ್ ಹಿಡಿಯುವುದಿಲ್ಲ. ಹಳೆಯದನ್ನು ಹರಿತವಾದ ಬ್ಲೇಡಿನಿಂದ ತೆಗೆದು, ಹಿತ್ತಾಳೆಯ ಮುಖ ಸಮತಟ್ಟಾಗಿದೆಯೇ ಎಂದು ಬೆಳಕಿಗೆದುರಾಗಿ ನೋಡಬೇಕು. ಬಳೆಯನ್ನು ಉಗುರಿನಿಂದ ತಟ್ಟಿದಾಗ ಟಕಟಕ ಸದ್ದು ಬಂದರೆ ಅದು ಸಡಿಲವಾಗಿದೆ, ಮೊದಲು ಅದನ್ನು ಬಿಗಿಗೊಳಿಸಬೇಕು. ಹೊಸ ಟಿಪ್ ಬಳೆಗಿಂತ ಅರ್ಧ ಮಿಲಿಮೀಟರ್ ದೊಡ್ಡದಿರಲಿ; ಅದರ ತಳವನ್ನು ತರಿಯಾಗಿಸಿ, ಸೋರಿ ಹರಡದ ಜೆಲ್ ಅಂಟಿನಿಂದ ಕೂರಿಸಿ, ಒಣಗಿದ ಮೇಲೆ ಅಂಚನ್ನು ಬಳೆಯ ಮಟ್ಟಕ್ಕೆ ಕತ್ತರಿಸಿ, ತಲೆಯನ್ನು ಗುಮ್ಮಟದಂತೆ ದುಂಡಗೆ ಮಾಡಬೇಕು. ಮಧ್ಯಮ ಗಡಸಿನ ಟಿಪ್ ಆರಿಸಿ. ತೀರ ಮೆತ್ತನೆಯದು ಪೂಲ್ ಚೆಂಡಿನ ಭಾರಕ್ಕೆ ಬೇಗನೆ ಅಣಬೆಯಂತೆ ಹರಡಿಕೊಳ್ಳುತ್ತದೆ.

ಇಡುವ ಜಾಗದ ಬಗ್ಗೆ: ಜೂನ್‌ನಿಂದ ಆಟಿ ತಿಂಗಳು ಮುಗಿಯುವ ಆಗಸ್ಟ್ ನಡುವಿನವರೆಗೆ ಕ್ಯೂವಿಗೆ ಕಷ್ಟದ ಕಾಲ. ಮಳೆ ಹೊಡೆಯುವ ಹೊರಗೋಡೆಗೂ ಒಲೆಯ ಮೇಲಿನ ಅಟ್ಟಕ್ಕೂ ದೂರವಾಗಿ, ಒಳಕೋಣೆಯಲ್ಲಿ ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿಡಿ, ಇಲ್ಲವೇ ತುದಿಯಿಂದ ನೇರವಾಗಿ ತೂಗುಹಾಕಿ. ಗೋಡೆಗೆ ಒರಗಿಸಿಟ್ಟರೆ ತನ್ನ ಭಾರಕ್ಕೇ ಬಾಗುತ್ತದೆ. ನೀವು ಆಡುವ ಜಾಗದಲ್ಲಿ ಎ.ಸಿ. ಇದ್ದರೆ ಮಳೆಯಿಂದ ಒಳಬಂದ ಕೂಡಲೇ ಆಡಲು ಶುರು ಮಾಡದೆ, ಒರೆಸಿ, ಸ್ವಲ್ಪ ಹೊತ್ತು ಮೇಜಿನ ಮೇಲಿಟ್ಟು ಆಮೇಲೆ ಆಡಿ. ಒಯ್ಯಲು ಸುಲಭವಾಗಲಿ ಎಂದು ಕ್ಯೂವನ್ನು ಎರಡು ತುಂಡು ಮಾಡಿಸುವ ಸಲಹೆ ಯಾರಾದರೂ ಕೊಟ್ಟಾರು, ಒಪ್ಪಬೇಡಿ. ಲೋಹದ ಜೋಡಣೆ ಸೇರಿದರೆ ತೂಕದ ಹಂಚಿಕೆ ಬದಲಾಗುತ್ತದೆ, ಬೆಲೆಯೂ ಬೀಳುತ್ತದೆ.

ಪೂಲ್‌ಗೆಂದೇ ಮಾಡಿದ ಹಳೆಯ ಕ್ಯೂಗಳು ಬೇರೆಯೇ ವಂಶದವು. ಅವು ಅಮೆರಿಕದ ಮೇಪಲ್ ಮರದವು, 13 ಮಿ.ಮೀ. ತುದಿಯವು. 1845ರಲ್ಲಿ ಆರಂಭವಾದ ಬ್ರನ್ಸ್‌ವಿಕ್ ಸಂಸ್ಥೆಯ ಟೈಟ್ಲಿಸ್ಟ್ ಎಂಬ ಸಾಮಾನ್ಯ ಕ್ಯೂವಿನ ಮರವನ್ನೇ ಆರಂಭದಲ್ಲಿ ಬಳಸಿಕೊಂಡು ಜಾರ್ಜ್ ಬಲಬುಷ್ಕಾ 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಮಾಡಿದ ಕ್ಯೂಗಳಿಗೆ ಇಂದಿಗೂ ಅಪಾರ ಬೇಡಿಕೆಯಿದೆ, ಅಷ್ಟೇ ನಕಲುಗಳೂ ಇವೆ. ನಮ್ಮ ಕಡೆಯ ಯಾರಾದರೂ ಆ ಹೆಸರು ಹೇಳಿ ಮಾರಲು ಬಂದರೆ ಕೊಳ್ಳದಿರುವುದೇ ಕ್ಷೇಮ.

ಕಾರ್ಬನ್ ಕ್ಯೂವಿನ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಅದು ತೇವಕ್ಕೆ ಬಾಗುವುದಿಲ್ಲ, ಸರಿತವೂ ಕಡಿಮೆ. ಪಂದ್ಯಗಳಿಗೆ ಊರೂರು ತಿರುಗುವವರಿಗೆ ಅದು ತಕ್ಕ ವಸ್ತು. ನಿಮಗೆ ಸದ್ಯಕ್ಕೆ ಬೇಕಿಲ್ಲ. ಅಮೆರಿಕನ್ ಪೂಲ್ ಹೆಚ್ಚಾಗಿ ಆಡುವುದಾದರೆ 19 ಔನ್ಸಿನ ಸಾಧಾರಣ ಮೇಪಲ್ ಕ್ಯೂ ಒಂದನ್ನು ಬ್ರೇಕ್‌ಗೂ ಗಟ್ಟಿ ಹೊಡೆತಗಳಿಗೂ ಇಟ್ಟುಕೊಳ್ಳಿ. ಬಿಳಿ ಚೆಂಡನ್ನು ಮೆಲ್ಲಗೆ ನಡೆಸಿ, ಹತ್ತಿರದ ಚೆಂಡುಗಳನ್ನು ಒಂದೊಂದಾಗಿ ತೆಗೆಯುವ ಆಟಕ್ಕೆ ದೊಡ್ಡಪ್ಪನವರ ಕ್ಯೂವನ್ನು ಕೈಗೆತ್ತಿಕೊಳ್ಳಿ. ತೂಕದ ಬಲವಿಲ್ಲದ ಈ ಕ್ಯೂವಿನಲ್ಲಿ ಹೊಡೆತ ನೇರವಿಲ್ಲದಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ.

ಕೊನೆಯದಾಗಿ, ಬುಡದ ಬಿಲ್ಲೆ ಲೋಹದ್ದಲ್ಲದೆ ಹಾಲುಬಣ್ಣದ್ದಾಗಿದ್ದರೆ ಒಮ್ಮೆ ಪರೀಕ್ಷಿಸಿ. ಭೂತಗನ್ನಡಿಯಲ್ಲಿ ಒಂದನ್ನೊಂದು ಅಡ್ಡ ಹಾಯುವ ನಯವಾದ ಗೆರೆಗಳ ಜಾಲ ಕಂಡರೆ ಅದು ಆನೆದಂತ. ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಮೂಳೆ. ದಂತವಾಗಿದ್ದರೆ ಮಾರುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲೂ 1991ರಲ್ಲೂ ಆದ ತಿದ್ದುಪಡಿಗಳ ಬಳಿಕ ಭಾರತದ ದಂತವಾಗಲಿ ಆಫ್ರಿಕದಿಂದ ಬಂದ ದಂತವಾಗಲಿ ನಮ್ಮ ದೇಶದಲ್ಲಿ ಮಾರುವಂತಿಲ್ಲ, ವಸ್ತು ಎಷ್ಟೇ ಹಳೆಯದಾಗಿದ್ದರೂ. ಹಾಗೇನಾದರೂ ಕಂಡುಬಂದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಇಟ್ಟುಕೊಳ್ಳುವ ಬಗ್ಗೆ ಅವರು ಹೇಳಿದಂತೆ ನಡೆದುಕೊಳ್ಳಿ.